ಹುಬ್ಬಳ್ಳಿಯಲ್ಲಿ ಆಡಿದ ಏಳು ಆಟ ಲೆಕ್ಕಕ್ಕೆ ಯಾಕೆ ಬರಲಿಲ್ಲ?

ಗದಗ-ಬೆಟಗೇರಿಯಲ್ಲಿ ನಾನು ಸಂಜೆ ಹೊತ್ತು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಈ ಪ್ರಕರಣ ನಮ್ಮ ಕ್ಲಾಸಿನ 13 ವರ್ಷದ ಹುಡುಗಿಯೊಬ್ಬಳದು. ಅವಳ ಹೆಸರನ್ನಾಗಲಿ, ಟೂರ್ನಿ ನಡೆಸಿದವರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಏನಾಯಿತು, ಯಾಕಾಯಿತು ಅನ್ನುವುದು ಗೊತ್ತಾದರೆ ಸಾಕು. ಇನ್ನೊಂದು ಮನೆಯ ದುಡ್ಡು, ದಿನ, ಮಗುವಿನ ಆಸೆ ಉಳಿಯುತ್ತವೆ.

ಅವಳ ಅಪ್ಪ ಊರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ. ಗದಗಿನಲ್ಲಿ ಪ್ರೆಸ್‌ಗಳು ಜಾಸ್ತಿ. ಕರಪತ್ರ ಕತ್ತರಿಸಿ, ಎಣಿಸಿ, ಕಟ್ಟು ಕಟ್ಟುವುದು ಅವರಿಗೆ ದಿನನಿತ್ಯದ ಕೆಲಸ. ಈ ಕಥೆಯೂ ಒಂದು ಕರಪತ್ರದಿಂದಲೇ ಶುರುವಾಗುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದ ಒಂದು ಸಭಾಭವನದಲ್ಲಿ ಮೂರು ದಿನದ ಓಪನ್ ಟೂರ್ನಿ. ಏಳು ರೌಂಡು. ಒಬ್ಬೊಬ್ಬರಿಗೆ 60 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಹೆಚ್ಚುವರಿ. ಎಂಟ್ರಿ ಫೀ 1,000 ರೂಪಾಯಿ. ತಲೆಬರಹದಲ್ಲಿ ದಪ್ಪಕ್ಷರದ 'ಅಂತಾರಾಷ್ಟ್ರೀಯ ರೇಟಿಂಗ್ ಟೂರ್ನಿ'. ಪಕ್ಕದಲ್ಲಿ ಜಗತ್ತಿನ ಚೆಸ್ ಸಂಸ್ಥೆಯಾದ ಫಿಡೆಯ ಲಾಂಛನ. ರೇಟಿಂಗ್ ಅಂದರೆ ಆಟಗಾರರ ಬಲ ತೋರಿಸುವ ಅಂಕಿ, ಅದನ್ನು ಲೆಕ್ಕ ಹಾಕಿ ಕೊಡುವುದು ಫಿಡೆ. "ಛಲೋ ಅವಕಾಶ, ಕರ್ಕೊಂಡು ಹೋಗಿ ಬರ್ರಿ" ಎಂದವನು ನಾನೇ. ಆ ಕರಪತ್ರದಲ್ಲಿ ಇರಲೇಬೇಕಾಗಿದ್ದ ಒಂದು ಸಾಲು ಇರಲಿಲ್ಲ. ನಾನು ಅದನ್ನು ಗಮನಿಸಲಿಲ್ಲ. ಆ ತಪ್ಪು ನನ್ನದು.

ಮೂರೂ ದಿನ ಅಪ್ಪ ಮಗಳು ನಸುಕಿನಲ್ಲೇ ಗದಗಿನ ಬಸ್ ಹಿಡಿದರು. ರಾತ್ರಿ ಊಟದ ಹೊತ್ತಿಗೆ ಮರಳಿ ಬಂದರು. ಅಪ್ಪನಿಗೆ ಮೂರು ದಿನದ ಪಗಾರ ಹೋಯಿತು. ಹುಡುಗಿ ಮಾತ್ರ ತುಂಬಾ ಚೆನ್ನಾಗಿ ಆಡಿದಳು. ಎದುರಾದ ಏಳು ಜನರಲ್ಲಿ ಐವರಿಗೆ ಅಂತಾರಾಷ್ಟ್ರೀಯ ರೇಟಿಂಗ್ ಇತ್ತು. ಆ ಐವರ ಎದುರು ಎರಡು ಗೆಲುವು, ಒಂದು ಡ್ರಾ, ಎರಡು ಸೋಲು. ಅಂದರೆ ಎರಡೂವರೆ ಪಾಯಿಂಟ್. ರೇಟಿಂಗ್ ಇಲ್ಲದ ಇಬ್ಬರನ್ನೂ ಗೆದ್ದಳು. ಏಳನೇ ರೌಂಡಿನ ಆಟದಲ್ಲಿ ಆನೆ ಕೊಟ್ಟು ಗೆದ್ದ ಒಂದು ನಡೆ ಇದೆ. ಅದನ್ನು ನಾನು ಈಗಲೂ ಬೇರೆ ಮಕ್ಕಳಿಗೆ ಬೋರ್ಡಿನ ಮೇಲೆ ಇಟ್ಟು ತೋರಿಸುತ್ತೇನೆ.

ಮೊದಲ ರೇಟಿಂಗ್ ಸಿಗಲು ರೇಟಿಂಗ್ ಇರುವವರ ಎದುರು ಐದು ಆಟ ಆಗಬೇಕು. ಅವಳದು ಸರಿಯಾಗಿ ಐದೇ ಆಗಿತ್ತು. ಫಿಡೆ ಪ್ರತಿ ತಿಂಗಳು 1ನೇ ತಾರೀಖು ಹೊಸ ಪಟ್ಟಿ ಹಾಕುತ್ತದೆ. ಆ ದಿನ ಬೆಳಿಗ್ಗೆ ಏಳಕ್ಕೇ ಅಪ್ಪನ ಫೋನು ಬಂತು.

"ಯಾದ್ಯಾಗ ನಮ್ಮ ಹುಡುಗಿ ಹೆಸರ ಇಲ್ರಿ ಸರ."

ಒಮ್ಮೊಮ್ಮೆ ವರದಿ ತಡವಾಗುತ್ತದೆ, ಮುಂದಿನ ತಿಂಗಳು ನೋಡೋಣ ಎಂದೆ. ಮುಂದಿನ ತಿಂಗಳೂ ಬರಲಿಲ್ಲ.

ಪ್ರೆಸ್ಸಿನ ಕಂಪ್ಯೂಟರ್ ಮುಂದೆ

ಒಂದು ಭಾನುವಾರ ಅವರ ಪ್ರೆಸ್ಸಿನಲ್ಲೇ ಕಂಪ್ಯೂಟರ್ ಮುಂದೆ ಕೂತೆವು. ಅಪ್ಪನ ವಾದ ಸರಳವಾಗಿತ್ತು. ಟೂರ್ನಿ ನಡೆದದ್ದು ನಿಜ. ಯಾರಿಗೆ ಯಾರು ಎದುರು ಅನ್ನುವ ಪೇರಿಂಗ್, ಫಲಿತಾಂಶ ಎಲ್ಲ ಚೆಸ್-ರಿಸಲ್ಟ್ಸ್ ತಾಣದಲ್ಲಿ ಕಾಣುತ್ತಿವೆ. ಎದುರಾಳಿಗಳ ರೇಟಿಂಗ್ ಕೂಡ ಅಲ್ಲೇ ಇದೆ. ಹಾಗಿದ್ದರೆ ನಮ್ಮ ಹುಡುಗಿಗೆ ಯಾಕಿಲ್ಲ?

ಇಲ್ಲೇ ಬಹಳ ಪೋಷಕರು ಎಡವುತ್ತಾರೆ. ಚೆಸ್-ರಿಸಲ್ಟ್ಸ್ ಫಿಡೆಯದಲ್ಲ. ಪೇರಿಂಗ್ ಸಾಫ್ಟ್‌ವೇರ್ ಇದ್ದವರು ತಮ್ಮ ಶಾಲೆಯ ಟೂರ್ನಿಯನ್ನೂ ಅಲ್ಲಿ ಹಾಕಬಹುದು. ಆಟಗಾರರ ರೇಟಿಂಗನ್ನು ಆ ಸಾಫ್ಟ್‌ವೇರ್ ಫಿಡೆಯ ಪಟ್ಟಿಯಿಂದ ಎತ್ತಿಕೊಂಡು ತೋರಿಸುತ್ತದೆ, ಅಷ್ಟೇ. ಈ ಆಟಗಳು ಫಿಡೆಗೆ ತಲುಪುತ್ತವೆ ಅಂತ ಅದರ ಅರ್ಥ ಅಲ್ಲ.

ನೋಡಬೇಕಾದದ್ದು ಫಿಡೆಯ ರೇಟಿಂಗ್ ತಾಣ. ಅಲ್ಲಿ ದೇಶದ ಪ್ರಕಾರ, ತಿಂಗಳ ಪ್ರಕಾರ ನೋಂದಣಿಯಾದ ಟೂರ್ನಿಗಳ ಪಟ್ಟಿ ಇರುತ್ತದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಭಾರತ ಆರಿಸಿದೆವು. ಆ ತಿಂಗಳು ಆರಿಸಿದೆವು. ಉದ್ದನೆಯ ಪಟ್ಟಿ ಬಂತು. 'ಹುಬ್ಬಳ್ಳಿ' ಅಂತ ಹುಡುಕಿದೆವು, ಸಿಗಲಿಲ್ಲ. 2014ರಲ್ಲಿ ಊರಿನ ಇಂಗ್ಲಿಷ್ ಹೆಸರು ಬದಲಾದರೂ ಹಳೆಯ 'ಹುಬ್ಳಿ' ಬರೆಯುವವರು ಇನ್ನೂ ಇದ್ದಾರಲ್ಲ, ಅದನ್ನೂ ಹಾಕಿ ನೋಡಿದೆವು. ಧಾರವಾಡ ಅಂತಲೂ ಹುಡುಕಿದೆವು. ಕೊನೆಗೆ ಅಪ್ಪ ಕುರ್ಚಿ ಎಳೆದುಕೊಂಡು, ಪ್ರೂಫ್ ನೋಡುವ ಹಾಗೆ ಪಟ್ಟಿಯ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಆ ಟೂರ್ನಿ ಅಲ್ಲಿ ಇರಲೇ ಇಲ್ಲ.

ಅಂದರೆ ಫಿಡೆಯ ಮಟ್ಟಿಗೆ ಆ ಮೂರು ದಿನ ಹುಬ್ಬಳ್ಳಿಯಲ್ಲಿ ಯಾರೂ ಚೆಸ್ ಆಡಿರಲಿಲ್ಲ.

ಆಗ ಕರಪತ್ರ ಮತ್ತೆ ತೆಗೆದು ನೋಡಿದೆ. ರೇಟಿಂಗ್ ಟೂರ್ನಿಯ ಕರಪತ್ರದಲ್ಲಿ ರಾಷ್ಟ್ರೀಯ ಫೆಡರೇಷನ್ ಕೊಟ್ಟ ಈವೆಂಟ್ ಕೋಡ್ ಇರುತ್ತದೆ. ಅದರಲ್ಲಿ ರಾಜ್ಯದ ಗುರುತೂ ವರ್ಷವೂ ಇರುತ್ತವೆ. ಈ ಕರಪತ್ರದಲ್ಲಿ ಅದೇ ಇರಲಿಲ್ಲ.

ಅವಳು ಎಷ್ಟು ಕಳೆದುಕೊಂಡಳು ಅನ್ನುವುದನ್ನು ಅಲ್ಲೇ ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಐವರು ಎದುರಾಳಿಗಳ ರೇಟಿಂಗ್ 1450, 1480, 1502, 1520, 1558. 2024ರ ಮಾರ್ಚ್ 1ರಿಂದ ನಿಯಮ ಬದಲಾಗಿದೆ. ಹೊಸಬರ ಲೆಕ್ಕಕ್ಕೆ 1800 ರೇಟಿಂಗಿನ ಇಬ್ಬರು ಕಾಲ್ಪನಿಕ ಆಟಗಾರರನ್ನು ಸೇರಿಸುತ್ತಾರೆ, ಅವರೊಡನೆ ಆಟ ಡ್ರಾ ಆಯಿತು ಎಂದು ಹಿಡಿಯುತ್ತಾರೆ. ಆ ಐವರು, ಈ ಇಬ್ಬರು ಸೇರಿ ಏಳರ ಸರಾಸರಿ 1587. ಪಾಯಿಂಟ್ ಏಳಕ್ಕೆ ಮೂರೂವರೆ, ಅಂದರೆ ಸರಿಯಾಗಿ ಅರ್ಧ. ಅರ್ಧ ಬಂದರೆ ಸರಾಸರಿಯೇ ರೇಟಿಂಗ್. 1587 ಸಿಗುತ್ತಿತ್ತು. 1400ಕ್ಕಿಂತ ಕೆಳಗಿದ್ದರೆ ಈಗ ಪಟ್ಟಿಯಲ್ಲಿ ಹೆಸರೇ ಬರುವುದಿಲ್ಲ. ಇವಳು ಮೊದಲ ಟೂರ್ನಿಯಲ್ಲೇ ಅದನ್ನು ದಾಟಿ ಎಷ್ಟೋ ಮುಂದೆ ಹೋಗಿದ್ದಳು. ಅಪ್ಪ ಆ ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು.

ಬಾಗಿಲು ಒಂದೇ

"ನಾವ ಸೀದಾ ಫಿಡೆಕ್ಕೇ ಬರದ್ರ ಆಗೂದಿಲ್ಲೇನ್ರಿ? ನಡೆ ಬರದಿಟ್ಟ ಸ್ಕೋರ್‌ಶೀಟ್ ಎಲ್ಲಾ ಅದಾವು" ಎಂದು ಅಪ್ಪ ಕೇಳಿದರು.

ನ್ಯಾಯವಾದ ಪ್ರಶ್ನೆ. ಉತ್ತರ 'ಆಗುವುದಿಲ್ಲ'. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಫಿಡೆ 1924ರ ಜುಲೈ 20ರಂದು ಪ್ಯಾರಿಸ್‌ನಲ್ಲಿ ಹುಟ್ಟಿತು. ಅದರ ಫ್ರೆಂಚ್ ಹೆಸರಿನ ಮೊದಲ ಅಕ್ಷರಗಳೇ 'ಫಿಡೆ'. ಈಗ ಕಚೇರಿ ಸ್ವಿಟ್ಜರ್ಲೆಂಡ್‌ನ ಲೂಸಾನ್‌ನಲ್ಲಿದೆ. ಅದರ ಸದಸ್ಯರು ಆಟಗಾರರಲ್ಲ, ಕ್ಲಬ್ಬುಗಳಲ್ಲ, ದೇಶಗಳ ಫೆಡರೇಷನ್‌ಗಳು. ಸುಮಾರು 200 ಇವೆ. ಒಂದು ದೇಶಕ್ಕೆ ಒಂದೇ ಫೆಡರೇಷನ್, ಒಂದೇ ಮತ. 'ದೇಶ' ಅಂದರೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇರುವುದೇ ಆಗಬೇಕು ಅಂತಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬೇರೆ ಬೇರೆ ಸದಸ್ಯರು. ಫೇರೋ ದ್ವೀಪಗಳೂ ಸದಸ್ಯ. ಅಲ್ಲಿನ ಒಟ್ಟು ಜನ ನಮ್ಮ ಗದಗ-ಬೆಟಗೇರಿಯ ಜನಕ್ಕಿಂತ ಕಡಿಮೆ. ಆದರೂ ಅವರಿಗೆ ಒಂದು ಮತ, ಭಾರತಕ್ಕೂ ಒಂದು ಮತ. 2022ರಲ್ಲಿ ಚೆನ್ನೈಯಲ್ಲಿ, ದೇಶಗಳ ತಂಡಗಳು ಆಡುವ ಚೆಸ್ ಒಲಿಂಪಿಯಾಡ್ ಜೊತೆಗೇ ಫಿಡೆಯ ಮಹಾಸಭೆ ನಡೆಯಿತು. ಅರ್ಕಾದಿ ದ್ವೊರ್ಕೊವಿಚ್ 157 ಮತ ಪಡೆದು ಮತ್ತೆ ಅಧ್ಯಕ್ಷರಾದರು. ನಮ್ಮ ವಿಶ್ವನಾಥನ್ ಆನಂದ್ ಉಪಾಧ್ಯಕ್ಷರಾದರು. ಆ 157 ಅಂದರೆ 157 ಫೆಡರೇಷನ್‌ಗಳು.

ಭಾರತದಲ್ಲಿ ಆ ಒಂದು ಜಾಗದಲ್ಲಿ ಕೂತಿರುವುದು 1951ರಲ್ಲಿ ಶುರುವಾದ ಅಖಿಲ ಭಾರತ ಚೆಸ್ ಫೆಡರೇಷನ್. ಅದರ ಕೆಳಗೆ ರಾಜ್ಯ ಸಂಘ, ಅದರ ಕೆಳಗೆ ಜಿಲ್ಲಾ ಸಂಘ. ಆಟಗಾರರಿಗೆ ಫಿಡೆ ಐಡಿ, ಅಂದರೆ ಗುರುತಿನ ಸಂಖ್ಯೆ, ಬರುವುದು ರಾಷ್ಟ್ರೀಯ ಫೆಡರೇಷನ್ ಕೈಯಿಂದ. ಆನಂದ್ ಅವರ ಐಡಿ 5000017. ನಮ್ಮ ಬೆಟಗೇರಿ ಹುಡುಗಿಗೆ ಬರಬೇಕಾದ ಐಡಿಯೂ ಅದೇ ಬಾಗಿಲಿಂದ ಬರಬೇಕು. ಟೂರ್ನಿಯನ್ನು ಫಿಡೆಯಲ್ಲಿ ನೋಂದಾಯಿಸುವುದೂ ಆ ಫೆಡರೇಷನ್ನೇ. ಅದೂ ಆಟ ಶುರುವಾಗುವ ಮೊದಲೇ ಆಗಬೇಕು. ಆಡಿ ಮುಗಿಸಿ ಆಮೇಲೆ ಸೇರಿಸಿ ಅಂದರೆ ನಡೆಯುವುದಿಲ್ಲ.

ಇದು ಸುಮ್ನೆ ಅಧಿಕಾರ ಹಿಡಿದುಕೊಳ್ಳುವ ಏರ್ಪಾಡು ಅಂತ ನನಗೆ ಅನಿಸುವುದಿಲ್ಲ. ರೇಟಿಂಗ್ ಅಂದರೆ ಒಬ್ಬರಿಂದ ಒಬ್ಬರಿಗೆ ದಾಟುವ ಅಂಕಿ. ಗದಗಿನ ಹುಡುಗಿಯ 1587ಕ್ಕೂ ಬುಡಾಪೆಸ್ಟ್‌ನ ಹುಡುಗನ 1587ಕ್ಕೂ ಒಂದೇ ಬೆಲೆ ಇರಬೇಕು. ಹಾಗಿರಬೇಕಾದರೆ ಆಟ ನಿಜವಾಗಿ ನಡೆದಿದೆ, ಅರ್ಹ ಆರ್ಬಿಟರ್ (ತೀರ್ಪುಗಾರ) ಇದ್ದರು, ಆಡಿದವಳು ಇವಳೇ ಅಂತ ಯಾರೋ ಒಬ್ಬರು ಜವಾಬ್ದಾರಿಯಿಂದ ಹೇಳಬೇಕು. ಒಂದು ದೇಶದಿಂದ ಇಬ್ಬರು, ಮೂವರು ಹಾಗೆ ಹೇಳತೊಡಗಿದರೆ ಪಟ್ಟಿಯ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ.

ಆ ಬಾಗಿಲಿಂದ ಹೊರಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆಗಳಿವೆ. ವರ್ಣಭೇದ ನೀತಿಯ ಕಾರಣಕ್ಕೆ ದಕ್ಷಿಣ ಆಫ್ರಿಕಾವನ್ನು 1974ರಲ್ಲಿ ಫಿಡೆ ಹೊರಗಿಟ್ಟಿತು. 1992ರವರೆಗೆ ಆ ದೇಶ ಒಲಿಂಪಿಯಾಡ್‌ಗೆ ಬರಲಿಲ್ಲ. 1993ರಲ್ಲಿ ಗ್ಯಾರಿ ಕ್ಯಾಸ್ಪರೋವ್ ಮತ್ತು ನೈಜೆಲ್ ಶಾರ್ಟ್ ತಾವೇ ಬೇರೆ ಸಂಸ್ಥೆ ಕಟ್ಟಿ ವಿಶ್ವ ಚಾಂಪಿಯನ್‌ಷಿಪ್ ಆಡಿದರು. ಫಿಡೆ ಇಬ್ಬರ ಹೆಸರನ್ನೂ ರೇಟಿಂಗ್ ಪಟ್ಟಿಯಿಂದ ತೆಗೆದುಬಿಟ್ಟಿತು. ಕ್ಯಾಸ್ಪರೋವ್ ಅಂದರೆ ಆಗ ಜಗತ್ತಿನ ನಂಬರ್ ಒನ್! ಆಮೇಲೆ ಹೆಸರು ಮರಳಿ ಬಂತು, ಆದರೆ 2006ರವರೆಗೆ ಜಗತ್ತಿಗೆ ಇಬ್ಬಿಬ್ಬರು ಚಾಂಪಿಯನ್‌ಗಳು. ಆನಂದ್ 1995ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಸ್ಪರೋವ್ ಎದುರು ಆಡಿದ್ದು ಆ ಬೇರೆ ಸಂಸ್ಥೆಯ ಪಟ್ಟಕ್ಕಾಗಿ. 2000ದಲ್ಲಿ ಗೆದ್ದದ್ದು ಫಿಡೆಯ ಪಟ್ಟ.

ಇದನ್ನೆಲ್ಲ ಕೇಳಿ ಅಪ್ಪ ಒಂದೇ ಮಾತು ಹೇಳಿದರು. "ಅವರು ಗೊತ್ತಿದ್ದು ಹೊರಗ ಹೋದ್ರು. ನಮ್ಮ ಹುಡುಗಿ ಒಳಗ ಹೊಂಟೀನಿ ಅನ್ಕೊಂಡು ಹೋಗ್ಯಾಳ್ರಿ."

ಟೂರ್ನಿ ನಡೆಸಿದವರ ಮಾತು

ಮುಂದಿನ ವಾರ ನಾವಿಬ್ಬರೂ ಹುಬ್ಬಳ್ಳಿಗೆ ಹೋಗಿ ಆಯೋಜಕರನ್ನು ಭೇಟಿಯಾದೆವು. ದುರ್ಗದಬೈಲಿನ ಹತ್ತಿರ ಒಂದು ಚಹಾ ಅಂಗಡಿಯಲ್ಲಿ ಮಾತಾಯಿತು. ಮೋಸಗಾರರನ್ನು ನೋಡಲು ಹೊರಟಿದ್ದೇವೆ ಅಂತ ಬಸ್ಸಿನಲ್ಲಿ ನಾನು ಅಂದುಕೊಂಡಿದ್ದೆ. ಬಂದವರು ಅಂಥವರಲ್ಲ. ತಾವೂ ಚೆಸ್ ಆಡುತ್ತಾರೆ, ಓಣಿಯ ಮಕ್ಕಳಿಗೆ ಪುಕ್ಕಟೆ ಕಲಿಸುತ್ತಾರೆ.

"ನಮ್ಮದೂ ರಜಿಸ್ಟರ್ಡ್ ಸಂಸ್ಥೆ ಐತ್ರಿ ಸರ" ಎಂದು ಎರಡು ಕಾಗದ ತೆಗೆದಿಟ್ಟರು.

ಮೊದಲನೆಯದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಪಡೆದ ಪ್ರಮಾಣಪತ್ರ. ಅದು ಅಸಲಿಯೇ. ಆದರೆ ಓಣಿಯ ಗಜಾನನ ಮಂಡಳಿ, ಮಹಿಳಾ ಮಂಡಳಗಳೂ ಇದೇ ಕಾಯ್ದೆಯಲ್ಲಿ ನೋಂದಣಿಯಾಗುತ್ತವೆ. ಹೀಗೊಂದು ಸಂಘ ಇದೆ, ಇಂಥವರು ಪದಾಧಿಕಾರಿಗಳು, ಇದು ಬೈಲಾ ಅಂತ ಸರ್ಕಾರ ಬರೆದುಕೊಂಡಿದೆ, ಅಷ್ಟೇ. ಆ ಸಂಘಕ್ಕೆ ರೇಟಿಂಗ್ ಕೊಡುವ ಹಕ್ಕಿದೆ ಅಂತ ಅಲ್ಲ. ನಮ್ಮ ಕಡೆ 'ರಜಿಸ್ಟರ್ಡ್' ಅನ್ನುವ ಒಂದು ಪದ ಎಷ್ಟು ಜನರ ಬಾಯಿ ಮುಚ್ಚಿಸುತ್ತದೆ ಅನ್ನುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ರಾಜ್ಯ ಸಂಘದ ಮಾನ್ಯತೆ ಇದೆಯಾ, ಆ ರಾಜ್ಯ ಸಂಘಕ್ಕೆ ಫಿಡೆಯ ಸದಸ್ಯನಾಗಿರುವ ಫೆಡರೇಷನ್ನಿನ ಮಾನ್ಯತೆ ಇದೆಯಾ?

ಎರಡನೆಯದು ಹೆಸರಲ್ಲೇ 'ಅಂತಾರಾಷ್ಟ್ರೀಯ' ಅಂತ ಇಟ್ಟುಕೊಂಡ ಬೇರೊಂದು ಸಂಸ್ಥೆ ಕೊಟ್ಟ ಮಾನ್ಯತಾ ಪತ್ರ. ಫಿಡೆಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ಇವರು ಹಣ ಕಟ್ಟಿದ್ದರು. ತಮ್ಮದೇ ಒಂದು ರೇಟಿಂಗ್ ಕೊಡುತ್ತೇವೆ ಎಂದು ಆ ಸಂಸ್ಥೆ ಹೇಳಿತ್ತಂತೆ. ಫಿಡೆಯ ಲಾಂಛನ ಹೇಗೆ ಬಂತು ಎಂದು ಕೇಳಿದೆ. ಡಿಸೈನ್ ಮಾಡಿದ ಹುಡುಗ ಬೇರೊಂದು ಟೂರ್ನಿಯ ಕರಪತ್ರ ನೋಡಿ ಹಾಕಿದನಂತೆ. ಇದನ್ನು ಹೇಳುವಾಗ ಅವರ ಮುಖ ಸಣ್ಣದಾಯಿತು. ಅದು ಅಜಾಗರೂಕತೆಯೇ ಇರಬಹುದು. ಆದರೆ ಆ ಲಾಂಛನ ನೋಡಿಯೇ ಜನ 1,000 ರೂಪಾಯಿ ಕಟ್ಟಿದ್ದು. ಅದನ್ನು ಅವರಿಗೆ ಮುಖಕ್ಕೇ ಹೇಳಿದೆ.

ಎಂಟ್ರಿ ಫೀ ವಾಪಸ್ ಕೊಟ್ಟರು. ಕೇಳಿದ ಬೇರೆ ಪೋಷಕರಿಗೂ ಕೊಡುತ್ತೇನೆ ಎಂದರು. ಮೂರು ದಿನದ ಪಗಾರ, ಬಸ್ ಚಾರ್ಜು, ಆ ಐದು ಆಟ, ಇವನ್ನು ಅವರು ಎಲ್ಲಿಂದ ವಾಪಸ್ ಕೊಡಬೇಕು?

'ಬ್ಯಾನ್ ಬೀಳತೈತೇನ್ರಿ?'

ಮರಳಿ ಬರುವಾಗ ಅಪ್ಪನ ಮನಸ್ಸಿನಲ್ಲಿದ್ದ ದೊಡ್ಡ ಭಯ ಹೊರಗೆ ಬಂತು. ಮಾನ್ಯತೆ ಇಲ್ಲದ ಟೂರ್ನಿಯಲ್ಲಿ ಆಡಿದ್ದಕ್ಕೆ ಮಗಳನ್ನು ಮುಂದೆ ಆಡಲು ಬಿಡದಿದ್ದರೆ? ಯಾರೋ ಹಾಗೆ ಹೇಳಿ ಹೆದರಿಸಿದ್ದರಂತೆ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಹಾಗೆ ನಡೆದಿತ್ತು. ನಮ್ಮ ರಾಷ್ಟ್ರೀಯ ಫೆಡರೇಷನ್ ಆಟಗಾರರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿತ್ತು. ತಾನು ಒಪ್ಪದ ಟೂರ್ನಿಗಳಲ್ಲಿ ಆಡುವುದಿಲ್ಲ ಎಂದು ಸಹಿ ಹಾಕಬೇಕಿತ್ತು. ಬೇರೆ ಸಂಘಟನೆಯ ಟೂರ್ನಿಯಲ್ಲಿ ಆಡಿದ ಕೆಲವರ ಮೇಲೆ ನಿಷೇಧ ಬಿತ್ತು, ಅವರ ರೇಟಿಂಗೂ ಪಟ್ಟಿಯಿಂದ ಹೋಯಿತು. ನಾಲ್ವರು ಆಟಗಾರರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಮಾರುಕಟ್ಟೆಯಲ್ಲಿ ಮೇಲುಗೈ ಇದ್ದವರು ಅದನ್ನು ದುರುಪಯೋಗ ಮಾಡದ ಹಾಗೆ ನೋಡಿಕೊಳ್ಳುವ ಆಯೋಗ ಅದು. ಆ ಪ್ರಕರಣ 2011ರದು, ಆದೇಶ ಬಂದದ್ದು 2018ರ ಜುಲೈನಲ್ಲಿ. ಫೆಡರೇಷನ್ ತನ್ನ ಮೇಲುಗೈಯನ್ನು ದುರುಪಯೋಗ ಮಾಡಿದೆ ಎಂದು ಆಯೋಗ ಹೇಳಿತು. 6.92 ಲಕ್ಷ ರೂಪಾಯಿ ದಂಡ ಹಾಕಿತು. ಟೂರ್ನಿಗಳಿಗೆ ಒಪ್ಪಿಗೆ ಕೊಡುವ ರೀತಿನೀತಿಯನ್ನು ಸ್ಪಷ್ಟವಾಗಿ ಬರೆದಿಡಬೇಕು, ಆಟಗಾರರ ಮೇಲೆ ಕ್ರಮ ತೆಗೆದುಕೊಳ್ಳುವ ಮೊದಲು ಅವರಿಂದ ಏನು ಹಾನಿಯಾಗಿದೆ ಎಂದು ತೋರಿಸಬೇಕು, ಶಿಕ್ಷೆ ತಪ್ಪಿಗೆ ತಕ್ಕಷ್ಟೇ ಇರಬೇಕು ಎಂದಿತು.

ಈ ಆದೇಶವನ್ನು ನಾನು ಹಲವು ಪೋಷಕರಿಗೆ ಹೇಳಿದ್ದೇನೆ. ರೇಟಿಂಗಿಗೆ ಒಂದೇ ಬಾಗಿಲು ಇರುವುದು ನನಗೆ ಒಪ್ಪಿಗೆ. ಆದರೆ ಆ ಬಾಗಿಲು ಕಾಯುವವರು, ಮಗು ಇನ್ನೆಲ್ಲಿ ಯಾರ ಜೊತೆ ಆಡಬೇಕು ಅನ್ನುವುದನ್ನೂ ತಾವೇ ಹೇಳತೊಡಗಿದರೆ ಅದು ಬೇರೆ ಮಾತು. ಓಣಿಯಲ್ಲಿ, ಜಾತ್ರೆಯಲ್ಲಿ, ಶಾಲೆಯಲ್ಲಿ ಮಕ್ಕಳು ಎಲ್ಲಿ ಬೇಕಾದರೂ ಆಡಲಿ. ರೇಟಿಂಗ್ ಬರುತ್ತದೆ ಅಂತ ಸುಳ್ಳು ಹೇಳಬಾರದು, ಅಷ್ಟೇ.

ಈಗ ಎಲ್ಲಿಗೆ ಬಂದಿದೆ

ಹುಡುಗಿಯ ಹೆಸರನ್ನು ಸರಿಯಾದ ದಾರಿಯಲ್ಲಿ ನೋಂದಾಯಿಸಿದೆವು. ಜನನ ಪ್ರಮಾಣಪತ್ರ, ಫೋಟೊ, ಶುಲ್ಕ. ಬ್ಯಾನ್ ವಿಷಯ ಯಾರೂ ಎತ್ತಲಿಲ್ಲ. ಫಿಡೆ ಐಡಿ ಬಂತು. ಈಗ ಫಿಡೆಯ ತಾಣದಲ್ಲಿ ಅವಳ ಹೆಸರು ಹುಡುಕಿದರೆ ಸಿಗುತ್ತದೆ. ಪಕ್ಕದಲ್ಲಿ ಭಾರತದ ಬಾವುಟ ಇದೆ. ರೇಟಿಂಗ್ ಜಾಗ ಖಾಲಿ.

ನನಗೆ ಬೇಸರವಾದದ್ದು ಇನ್ನೊಂದು ವಿಷಯಕ್ಕೆ. ಈ ಸರಪಳಿ ಲೂಸಾನ್‌ನಿಂದ ರಾಜ್ಯದವರೆಗೆ ಗಟ್ಟಿ ಇದೆ. ನಿಯಮ ಎಲ್ಲ ಬರೆದಿಟ್ಟಿದ್ದಾರೆ, ತಾಣದಲ್ಲಿ ಎಲ್ಲರಿಗೂ ಕಾಣುತ್ತವೆ. ಆದರೆ ಅವು ಇರುವುದು ಇಂಗ್ಲಿಷಿನಲ್ಲಿ. ಗದಗ, ಹಾವೇರಿ, ಮುಂಡರಗಿ, ರಾಣೆಬೆನ್ನೂರಿನ ಅಪ್ಪ ಅಮ್ಮಂದಿರಿಗೆ ಇದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಹೇಳುವವರು ಯಾರೂ ಇಲ್ಲ. ಭಾರತ 2024ರಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನ ಎರಡೂ ವಿಭಾಗದಲ್ಲಿ ಚಿನ್ನ ಗೆದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದರು. ಆಮೇಲೆ ನಮ್ಮ ಕ್ಲಾಸಿಗೆ ಬರುವ ಮಕ್ಕಳು ಜಾಸ್ತಿಯಾದರು. ಕರಪತ್ರಗಳೂ ಜಾಸ್ತಿಯಾದವು. ಒಂದೊಂದು ಕರಪತ್ರ ಬಂದಾಗಲೂ ಪೋಷಕರು ನನಗೆ ಕಳಿಸುತ್ತಾರೆ. ನಾನು ಮೊದಲು ಈವೆಂಟ್ ಕೋಡ್ ನೋಡುತ್ತೇನೆ. ಆಮೇಲೆ ಫಿಡೆ ತಾಣದಲ್ಲಿ ಟೂರ್ನಿ ಇದೆಯಾ ನೋಡುತ್ತೇನೆ. ಎರಡೂ ಇದ್ದರೆ ಮಾತ್ರ 'ರೇಟಿಂಗ್‌ಗೆ ಹೋಗ್ರಿ' ಎನ್ನುತ್ತೇನೆ. ಇಲ್ಲದಿದ್ದರೆ 'ಆಡಾಕ ಹೋಗ್ರಿ, ರೇಟಿಂಗ್ ಬರೂದಿಲ್ಲ' ಎನ್ನುತ್ತೇನೆ. ಅಷ್ಟು ಹೇಳಿದರೂ ಹೋಗುವವರು ಇದ್ದಾರೆ. ಖುಷಿಯಿಂದ ಹೋಗಲಿ.

ಹುಡುಗಿಯ ಅಪ್ಪ ಹುಬ್ಬಳ್ಳಿಯ ಆ ಏಳು ಆಟದ ಸ್ಕೋರ್‌ಶೀಟ್‌ಗಳನ್ನು ಹೊಲಿದು, ಕೆಂಪು ಕ್ಯಾಲಿಕೊ ಹಾಕಿ ಗಟ್ಟಿ ರಟ್ಟಿನ ಪುಸ್ತಕ ಮಾಡಿದ್ದಾರೆ. ಹಿಂದೆ ಖಾಲಿ ಹಾಳೆಗಳೂ ಇವೆ. ಐಡಿ ಬಂದ ಮೇಲೆ ಅವಳು ಒಂದು ನೋಂದಾಯಿತ ಟೂರ್ನಿ ಆಡಿದ್ದಾಳೆ. ಅಲ್ಲಿ ರೇಟಿಂಗ್ ಇದ್ದ ಮೂವರು ಸಿಕ್ಕರು, ಒಂದೂವರೆ ಪಾಯಿಂಟ್ ಬಂತು. ಆ ಮೂರು ಆಟ ಫಿಡೆಯ ಲೆಕ್ಕದಲ್ಲಿ ಜಮಾ ಆಗಿವೆ. 26 ತಿಂಗಳ ಒಳಗೆ ಇನ್ನೆರಡು ಬೇಕು. ಮುಂದಿನ ಟೂರ್ನಿ ದಾವಣಗೆರೆಯಲ್ಲಿದೆ. ಈವೆಂಟ್ ಕೋಡನ್ನು ಈ ಸಲ ಅವಳೇ ನೋಡಿ ನನಗೆ ಹೇಳಿದಳು.